ಚಕ್ರಕ್ಕೆ ಬೇಲಿ

ಕೆಲಸಗಾರರ ಕಾನೂನು ಒಂದೊಂದಾಗಿ ಬೆಟ್ಟ ಹತ್ತಿ ಬರುತ್ತಿದ್ದ ಕಾಲ. ಬಂದಾಗಲೆಲ್ಲ ನಮ್ಮ ಟೀ ಫ್ಯಾಕ್ಟರಿಯಲ್ಲಿ ಏನಾದರೊಂದು ನಡೆಯದೆ ಇರುತ್ತಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಹಾಗಾಗಿ ಎಲ್ಲದಕ್ಕೂ ನಾನೇ ಮುಂದು.

೧

ಹೊಸ ಕಾನೂನನ್ನು ಲೆಕ್ಕಪತ್ರ ನೋಡುವ ರೈಟರ್ ಫ್ಯಾಕ್ಟರಿ ಬಾಗಿಲಿಗೆ ಅಂಟಿಸಿದರು, ಇಂಗ್ಲಿಷಿನಲ್ಲಿ. ತಿರುಗುವ ಚಕ್ರಕ್ಕೆ ಕಬ್ಬಿಣದ ಬೇಲಿ ಇರಬೇಕು, ಗಾಯವಾದರೆ ಪರಿಹಾರ ಕೊಡಬೇಕು ಎಂದಿತ್ತು. ನಾನು ಗಟ್ಟಿಯಾಗಿ ಓದಿ ಎಲ್ಲರಿಗೂ ಅರ್ಥ ಹೇಳತೊಡಗಿದೆ. ರೈಟರ್ ಓಡಿಬಂದರು.

"ಯಾಕಯ್ಯಾ ಓದ್ತೀಯಾ? ಅಂಟಿಸಬೇಕು ಅಂತ ಮಾತ್ರ ಆರ್ಡರು!"

೨

ಬೇಲಿ ಬಂತು, ಗೋಡೌನು ಸೇರಿತು. ಅದನ್ನು ಹಾಕಿದರೆ ಎಲೆ ತುಂಬುವುದು ನಿಧಾನವಂತೆ. ಆ ಮಳೆಗಾಲದಲ್ಲೇ ನಮ್ಮ ದೊಡ್ಡಪ್ಪನ ಎಡಗೈ ಹೆಬ್ಬೆರಳು ಚಕ್ರಕ್ಕೆ ಹೋಯಿತು. ಪರಿಹಾರದ ಅರ್ಜಿ ನಾನೇ ಬರೆದೆ. ಒಂದು ಚಿತ್ತೂ ಇರಲಿಲ್ಲ!

ರೈಟರ್ ಶಾಯಿ ಮುಂದಿಟ್ಟರು. "ಎಡಗೈ ಹೆಬ್ಬೆಟ್ಟು ಒತ್ತು."

ದೊಡ್ಡಪ್ಪ ಕೈಕಟ್ಟು ಬಿಚ್ಚಿ ತೋರಿಸಿದ. "ಅದು ಹೋಗಿದ್ದಕ್ಕೇ ಅಲ್ವಾ ಸಾಮಿ, ಈ ಅರ್ಜಿ?"

೩

ಗಾಯ ಮಾಯುತ್ತಲೇ ದೊಡ್ಡಪ್ಪನನ್ನು ಅದೇ ಚಕ್ರದ ಮುಂದೆ ನಿಲ್ಲಿಸಿದರು. ಉಳಿದದ್ದು ಒಂದೇ ಒಳ್ಳೆಯ ಕೈ. ದೊಡ್ಡವ್ವ ದಿನಾ ಬಾಗಿಲಲ್ಲಿ ನಿಂತು ಮೊದಲು ಅವನ ಕೈ ನೋಡಿ, ಆಮೇಲೆ ಮುಖ ನೋಡುತ್ತಿದ್ದಳು.

ವರ್ಷಕ್ಕೊಮ್ಮೆ ಬರುವ ಸರ್ಕಾರಿ ಇನ್‌ಸ್ಪೆಕ್ಟರ್ ಮತ್ತೆ ಬರುವ ಸುದ್ದಿ ಬಂತು. ಎಂದಿನಂತೆ ಬೇಲಿ ಗೋಡೌನಿನಿಂದ ಹೊರಬಂದು ಚಕ್ರದ ಮುಂದೆ ನಿಂತಿತು. ಅವರು ಹೋದೊಡನೆ ಅದೂ ಒಳಗೆ ಹೋಗುವುದೇ. ಈ ಸಲ ಬಿಡಬಾರದೆಂದು ಇಂಗ್ಲಿಷಿನಲ್ಲಿ ಎಂಟು ವಾಕ್ಯ ಬಾಯಿಪಾಠ ಮಾಡಿದ್ದೆ. ಇನ್‌ಸ್ಪೆಕ್ಟರ್ ಎದುರಿಗೆ ಬಂದರು. ಒಂದೂ ನೆನಪಾಗಲಿಲ್ಲ.

"ಈ ಬೇಲಿ ದಿನಾ ಇರುತ್ತದೆಯೋ?"

"ದಿನಾ, ಸಾರ್," ಎಂದರು ರೈಟರ್.

ಅಷ್ಟರಲ್ಲಿ ದೊಡ್ಡಪ್ಪ ಬಂದ. ಬೇಲಿಗೆ ಕುಂಕುಮವಿಟ್ಟ, ಹೂ ಸಿಕ್ಕಿಸಿದ, ಒಂಬತ್ತು ಬೆರಳು ಜೋಡಿಸಿ ಕೈ ಮುಗಿದ.

"ಇದೇನಯ್ಯಾ?" ಎಂದರು ಇನ್‌ಸ್ಪೆಕ್ಟರ್.

"ಇವನು ವರ್ಷಕ್ಕೊಂದು ಸಲ ಹೊರಗೆ ಬರೋ ದೇವರು, ಸಾಮಿ. ಬಂದ ದಿನ ಯಾರ ಬೆರಳೂ ಹೋಗಲ್ಲ. ರೈಟರೇ ಹೊತ್ತು ತರ್ತಾರೆ, ಪುಣ್ಯಾತ್ಮರು."

ಇನ್‌ಸ್ಪೆಕ್ಟರ್ ಆ ಒಂಬತ್ತು ಬೆರಳನ್ನೇ ನೋಡುತ್ತ ನಿಂತರು. ಆಮೇಲೆ ಕಮ್ಮಾರನನ್ನು ಕರೆಸಿ, ಬೇಲಿಯನ್ನು ಚಕ್ರದ ಮುಂದೆ ಅಲ್ಲಾಡದಂತೆ ರಿವೆಟ್ ಹೊಡೆಸಿ ಭದ್ರಮಾಡಿಸಿಯೇ ಬೆಟ್ಟ ಇಳಿದರು.

ಮಾರನೆಯ ದಿನ ನೋಡಿದರೆ ದೊಡ್ಡಪ್ಪ ಅದೇ ಬೇಲಿಗೆ ಬುತ್ತಿಗಂಟು ನೇತುಹಾಕಿದ್ದ.

"ದೊಡ್ಡಪ್ಪಾ! ದೇವರಿಗೆ ಗಂಟು ಹೊರಿಸ್ತಾರೇನು?"

"ದಿನಾ ಕೆಲಸಕ್ಕೆ ಬಂದರೆ ದೇವರೆಲ್ಲಿ ಆಗ್ತಾನೋ? ಅವನೂ ನಮ್ಮ ಹಾಗೆ ಕೂಲಿಯೋನೇ!"