ಸುಂದರಬಾಯಿಯ ನೇರಳೆ ಕಲ್ಲು

ನಮ್ಮ ಮುತ್ತಜ್ಜ ತಾಂಡೂರಿನ ಗಣಿಯಲ್ಲಿ ಸುತ್ತಿಗೆ ತಾಕಿಸಿ, ಸಪ್ಪಳ ಕೇಳಿಯೇ ಕಲ್ಲು ಎಲ್ಲಿ ಸೀಳುತ್ತದೆಂದು ಹೇಳುತ್ತಿದ್ದ. ಅಜ್ಜ ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅಲ್ಲೇ ಕೂತಿರುತ್ತಿತ್ತು! ಅಪ್ಪ ತಿಕ್ಕಿದ ಬಂಡೆಯಲ್ಲಿ ಗೌಡರು ಮೀಸೆ ನೋಡಿಕೊಳ್ಳುತ್ತಿದ್ದರು. ಆ ವಂಶದ ಕುಡಿ ನಾನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟರೂ ಕಲ್ಲಿನ ಬಗ್ಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿ ಅರಗಿಸಿದವನು.

ಹೆಂಡತಿ ಸುಂದರಬಾಯಿಯ ನೇರಳೆ ಕಲ್ಲಿಗೆ ಹೊಳಪು ಕೊಡಲು ನನಗಿಂತ ಇನ್ಯಾರು ಬೇಕು? ಅವಳ ತವರೂರು ನಾಗಲಗಿದ್ದದಲ್ಲಿ ಬಾವಿ ತೋಡುವಾಗ ಸಿಕ್ಕ ಹರಳಿನ ಗೊಂಚಲು ಅದು. ಮದುವೆಯ ದಿನ ಅವಳಪ್ಪ ಉಡಿಗೆ ಹಾಕಿದ್ದ. ದಿನಾ ಬೆಳಿಗ್ಗೆ ಗೋಡೆಯ ಗೂಡಿನಲ್ಲಿಟ್ಟ ಅದರ ಮುಖ ನೋಡಿಯೇ ಅವಳು ಚಹಾಕ್ಕೆ ಇಡುವುದು. ನನ್ನ ಮುಖ ಆಮೇಲೆ! ನಾಳೆಗೆ ಮದುವೆಗೆ ಐವತ್ತು ವರ್ಷ. ಅವಳು ಸಂತೆಗೆ ಹೋದದ್ದೇ ತಡ, ಬಂಡೆಗೆ ಮಾಡುವಂತೆ ಬೆಚ್ಚಗೆ ಮಾಡಿ ಮೇಣ ತಿಕ್ಕೋಣವೆಂದು ಕಲ್ಲನ್ನು ಒಲೆಯ ಕೆಂಡದ ಮೇಲೆ ಬೂದಿಯಲ್ಲಿ ಹುದುಗಿಸಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಶಂಕ್ರೆಪ್ಪ ಬಂದ.

"ಕಾಕಾ, ಗೂಡಿನಾಗಿನ ಕಲ್ಲ ಎಲ್ಲಿ ಅದರಿ? ಅದಕ್ಕ ಆ ಬಣ್ಣ ಹೆಂಗ ಬಂತ್ರಿ?"

ಕೇಳಬೇಕೇ! ಜಗಲಿಯಲ್ಲಿ ನನ್ನ ಪ್ರವಚನ ಶುರುವಾಯಿತು.

"ಹರಳಿನಾಗ ಚಿಟಿಕಿ ಕಬ್ಬಿಣ ಇರ್ತದ ತಮ್ಮಾ. ಭೂಮಿ ಒಳಗಿಂದು ಕಣ್ಣಿಗಿ ಕಾಣದ ಕಿರಣ ಲಕ್ಷಗಟ್ಟಲೆ ವರ್ಷ ತಾಕಿ ತಾಕಿ ನೇರಳೆ ಆಗ್ತದ."

ಶಂಕ್ರೆಪ್ಪ ತಲೆ ಕೆರೆದ. "ಬಿಸಿ ತಾಕಿದ್ರ?"

"ಬಿಸಿ ತಾಕಿದ್ರ ನೇರಳೆ ಹೋಗಿ ಹಳದಿ..."

ಎಪ್ಪತ್ತನಾಲ್ಕರ ಮುದುಕ ಅಂಥ ಓಟ ಓಡಿದ್ದನ್ನು ನಮ್ಮ ಓಣಿ ಕಂಡಿರಲಿಲ್ಲ! ಬೂದಿಯಿಂದ ಎದ್ದದ್ದು ಬೆಲ್ಲದ ಪಾಕದ ಬಣ್ಣದ ಕಲ್ಲು.

ಧೃತಿಗೆಡಲಿಲ್ಲ. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧ ಮನೆಯಲ್ಲಿತ್ತು. ಕಲ್ಲು ಆರಿದ ಮೇಲೆ ಸೀಸೆ ಪೂರ್ತಿ ಸುರಿದೆ. ನುಣ್ಣನೆಯ ಹರಳಿನಿಂದ ಅದೆಲ್ಲ ಜಾರಿ ನನ್ನ ಕೈಗೆ, ಧೋತರಕ್ಕೆ, ಬೆವರೊರೆಸಿಕೊಂಡಾಗ ಬಿಳಿ ಮೀಸೆಗೂ ಏರಿತು.

ಬಾಗಿಲಲ್ಲಿ ಸುಂದರಬಾಯಿ! ಕಲ್ಲು ನೋಡಿದಳು, ನನ್ನನ್ನು ನೋಡಿದಳು. ಕಬ್ಬಿಣ, ಕಿರಣ, ಕೆಂಡ ಎಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅವಳು ಕಲ್ಲನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದಳು.

"ಒಳಗಿನ ಕಬ್ಬಿಣನೂ ಹೋಗ್ಯಾದೇನ್ರಿ?"

"ಇಲ್ಲ. ಅದು ಹಂಗೇ ಅದ."

"ಮತ್ತ ಅಪ್ಪ ಕೊಟ್ಟ ಕಲ್ಲು ಇದೇ ಅಲ್ಲೇನು? ಅಳಬ್ಯಾಡ್ರಿ, ಮೀಸಿಯಿಂದ ಬಣ್ಣ ಇಳೀಲಾಕತ್ತದ."

ಕಲ್ಲು ಗೂಡಿಗೆ ಮರಳಿತು. ಅವಳು ಸಾಬೂನು, ಸುಣ್ಣದ ನೀರು, ತೆಂಗಿನ ನಾರು ಹಿಡಿದು ಬಂದಳು. "ಬರ್ರಿ, ತಿಕ್ತೀನಿ. ನಾಳಿ ನಾಕು ಮಂದಿ ಬರೋರಿದ್ದಾರ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಬ್ಯಾಡ ಸುಂದರಬಾಯಿ, ಮುಟ್ಟಬ್ಯಾಡ. ದಿನಾ ಮುಂಜಾನಿ ನಿನಗ ನೇರಳೆ ನೋಡಾಕ ಬೇಕಲ್ಲ? ಈ ಬಣ್ಣ ತಾನಾಗೇ ಹೋಗೋತನಕ ಆ ಗೂಡಿನ ಕೆಳಗ ನಾನೇ ಕೂಡ್ತೀನಿ."