ಒಂದೇ ಏಟಿನ ಕೋಲು

"ಇಷ್ಟುದ್ದದ ಕೋಲು, ಅದೂ ಕಾಲಿಲ್ಲದ್ದು, ಎಲ್ಲಿಗೆ ತಾನೇ ಹೋಗುತ್ತೆ?"

ಯೆಲ್ಮರ್ ಯಾರನ್ನು ಹೀಗೆ ಕೇಳಿದನೋ ಅವನಿಗೇ ಗೊತ್ತಿಲ್ಲ. ಆಲ್ಡರ್ಸುಮ್ ವಿಶ್ವವಿದ್ಯಾಲಯದ ಹಳೇ ಕಟ್ಟಡದ ಆ ಪುಟ್ಟ ಕೋಣೆಯಲ್ಲಿ ಅವನ ಹೊರತು ನರಪಿಳ್ಳೆಯಿರಲಿಲ್ಲ. ಅವನೆದುರಿಗೆ ಒಂದು ಗಾಜಿನ ಬೀರು ಬಾಯಿ ಕಳೆದುಕೊಂಡು ನಿಂತಿತ್ತು. ಒಳಗೆ ಕೆಂಪು ಮಖಮಲ್ಲಿನಲ್ಲಿ ಕೋಲಿನ ಆಕಾರದ ತಗ್ಗು. ಕೋಲು ಮಾತ್ರ ಇಲ್ಲ.

ಅದು ಸಾಮಾನ್ಯದ ಕೋಲಲ್ಲ. ಆಳೆತ್ತರ, ಕಪ್ಪು ಮೆರುಗು, ತುದಿಗೊಂದು ಬೆಳ್ಳಿಯ ಗುಂಡು, ಗುಂಡಿನ ಕೊರಳಿಗೆ ಆರು ಗೆಜ್ಜೆ. ವಯಸ್ಸು ನಾನೂರು ಎಂದು ಎಲ್ಲರ ನಂಬಿಕೆ. ಯಾರಾದರೂ ಪಿಎಚ್.ಡಿ. ಪ್ರಬಂಧ ಸಮರ್ಥಿಸಲು ನಿಂತರೆ ಎಂಟು ಮಂದಿ ಪ್ರೊಫೆಸರರು ಕರಿಯ ನಿಲುವಂಗಿ ತೊಟ್ಟು ಅವರನ್ನು ಮುಕ್ಕಾಲು ಗಂಟೆ ಪ್ರಶ್ನೆಗಳಿಂದ ಹುರಿಯುತ್ತಾರೆ. ನಲವತ್ತೈದನೆಯ ನಿಮಿಷಕ್ಕೆ ಸರಿಯಾಗಿ ದಂಡಧಾರಿ ಒಳಗೆ ಬಂದು ಕೋಲನ್ನು ನೆಲಕ್ಕೆ ಕುಟ್ಟಿ "ಹೋರಾ ಎಸ್ಟ್!" ಎನ್ನಬೇಕು. ಲ್ಯಾಟಿನ್ನಿನಲ್ಲಿ ವೇಳೆಯಾಯಿತು ಎಂದರ್ಥ. ಪ್ರೊಫೆಸರರ ಬಾಯಲ್ಲಿ ಅರ್ಧ ವಾಕ್ಯವಿದ್ದರೆ ಅದನ್ನು ಅಲ್ಲೇ ನುಂಗಿಕೊಳ್ಳಬೇಕು. ಕೋಲು ಕುಟ್ಟುವವರೆಗೆ ಪ್ರಶ್ನೆ ನಿಲ್ಲುವಂತಿಲ್ಲ. ನಿಯಮದ ಪುಸ್ತಕದಲ್ಲಿ ಹಾಗೇ ಇದೆ.

ಆ ದಂಡಧಾರಿಯೇ ಯೆಲ್ಮರ್. ಅದೂ ತಾತ್ಕಾಲಿಕ. ಇವತ್ತಿಗೆ ಅವನ ಎರಡು ವರ್ಷದ ಪರೀಕ್ಷೆಯ ಅವಧಿ ಮುಗಿಯುತ್ತದೆ. ಹಿಂದಿನ ದಂಡಧಾರಿ ಒಪ್ಪಿ ಸಹಿ ಹಾಕಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಮಾವನ ಶೆಡ್ಡು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾವುಮೀನಿಗೆ ಹೊಗೆ ಹಾಕಬೇಕು. ಮಾವ ಸೋಮವಾರವೇ ಅಳಿಯನ ಅಳತೆಯ ರಬ್ಬರಿನ ಬೂಟು ತಂದಿಟ್ಟಿದ್ದ. ಹಾವುಮೀನಿನ ವಾಸನೆ ಬಂದರೇ ಯೆಲ್ಮರ್ ಬೀದಿಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಸಮರ್ಥನೆ ಎರಡು ಗಂಟೆಗೆ. ಗಡಿಯಾರದಲ್ಲಿ ಹನ್ನೆರಡು ಹತ್ತು.

ಅವನು ಬೀರುವಿನ ಹಿಂದೆ ನೋಡಿದ, ಕೆಳಗೆ ನೋಡಿದ. ಒಂದು ಕಾಲು ಗಿಡ್ಡವಾಗಿದ್ದ ಆ ಬೀರು ಅಲುಗದಿರಲೆಂದು ಅವನೇ ಹೋದ ಗುರುವಾರ ಸಿಬ್ಬಂದಿಯ ವಾರಪತ್ರಿಕೆಯನ್ನು ಮಡಚಿ ಕಾಲಿನಡಿಗೆ ಸಿಕ್ಕಿಸಿದ್ದ. ಪ್ರತಿ ಗುರುವಾರ ಪ್ರತಿ ಮೇಜಿಗೂ ಬರುವ ಪತ್ರಿಕೆ ಅದು. ಅದರಿಂದ ಬೇರೇನು ಉಪಯೋಗವೆಂದು ವಿಶ್ವವಿದ್ಯಾಲಯದಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಏನು ಹುಡುಕ್ತಿದೀಯ, ನೆಲ ಮೂಸ್ಕೊಂಡು?"

ಬಾಗಿಲಲ್ಲಿ ಸುವಾದ್ ನಿಂತಿದ್ದಳು, ಕಟ್ಟಡ ಗುಡಿಸಿ ಒರೆಸುವವಳು. ಯೆಲ್ಮರ್ ಅವಳ ಕಿವಿಯಲ್ಲಿ ವಿಷಯ ಹೇಳಿ, "ಯಾರಿಗೂ ಹೇಳ್ಬೇಡ ಮಾರಾಯ್ತಿ" ಎಂದ.

"ನಾನ್ಯಾಕೆ ಹೇಳ್ಲಿ?" ಎಂದಳು ಸುವಾದ್. ಐದು ನಿಮಿಷದಲ್ಲಿ ಒಂಬತ್ತು ಮಂದಿ ಬಂದರು, ಒಬ್ಬೊಬ್ಬರ ಕೈಯಲ್ಲೂ ಬುತ್ತಿಯ ಡಬ್ಬಿ. ಮುಂದಾಳು ಬೌಕೆ. ಕಟ್ಟಡದ ಮೇಲ್ವಿಚಾರಕನಾದ ಅವನಿಗೆ ಬೆಂಕಿ ಬಿದ್ದರೂ ಮೊದಲು ಸಭೆ ಸೇರಬೇಕು.

"ಗಾಬರಿ ಬೇಡ. ಎಲ್ರೂ ಕೂತ್ಕೊಳ್ಳಿ. ಒಂದು ಸಣ್ಣ ಸಭೆ ಮಾಡೋಣ."

"ಬೌಕೆ, ನಂಗೆ ಸಭೆ ಬೇಡ, ಕೋಲು ಬೇಕು!"

"ಅದನ್ನೇ ಸಭೆಯಲ್ಲಿ ಹೇಳು. ಬರ್ಕೋತೀವಿ."

ಕೋಲು ಪೀಠೋಪಕರಣವೋ ಉಡುಪೋ ಎಂಬಲ್ಲಿಂದ ಚರ್ಚೆ ಶುರುವಾಯಿತು. ಪೀಠೋಪಕರಣವಾದರೆ ಕಳೆದುಹೋದದ್ದಕ್ಕೆ ಹಸಿರು ಅರ್ಜಿ, ಉಡುಪಾದರೆ ಹಳದಿ. ಕಾಫಿ ಯಂತ್ರದ ಉಸ್ತುವಾರಿಯ ಟ್ರೈಂಟ್ಯೆ, ಅದನ್ನು ತೊಟ್ಟುಕೊಳ್ಳಲಾಗದ ಕಾರಣ ಉಡುಪಲ್ಲವೆಂದಳು. ಕೂರಲೂ ಆಗದ ಕಾರಣ ಪೀಠವೂ ಅಲ್ಲವೆಂದ ಗ್ರಂಥಾಲಯದವನು. ನಲವತ್ತು ನಿಮಿಷ ಹೀಗೆ ಹರಿದು, ಮುಂದಿನ ಬುಧವಾರ ಇನ್ನೊಂದು ಸಭೆ ಸೇರುವುದೆಂದು ಒಮ್ಮತದ ತೀರ್ಮಾನವಾಯಿತು. ಎಲ್ಲರಿಗೂ ಸಮಾಧಾನವಾಯಿತು. ಯೆಲ್ಮರ್ ಮಾತ್ರ ಅಜ್ಜಿ ಕಲಿಸಿದ ಕೀರ್ತನೆಯನ್ನು ಮನಸ್ಸಿನಲ್ಲೇ ಶುರುಮಾಡಿ, ಸಂಕಟಕಾಲದ ಸಾಲಿಗೆ ಬಂದು ಅಲ್ಲೇ ಸಿಕ್ಕಿಹಾಕಿಕೊಂಡ.

ಆಗ ಅವನ ಕಣ್ಣು ಸುವಾದಳ ಮೇಲೆ ಬಿತ್ತು. ಅವಳು ಗದ್ದ ಊರಿ ನಿಂತಿದ್ದದ್ದು ನೆಲ ಒರೆಸುವ ಕೋಲಿನ ಮೇಲೆ. ಆಳೆತ್ತರದ ಕೋಲು.

ಸುವಾದ್ ಅವನ ನೋಟ ಕಂಡು ಕೋಲನ್ನು ಎದೆಗೆ ಅಪ್ಪಿಕೊಂಡಳು. "ಏಯ್, ಬೇಡ."

"ಬರೀ ಒಂದು ಏಟಿಗೆ, ಸುವಾದ್."

"ಮೊದಲನೇ ಮಹಡಿ ಇನ್ನೂ ಒರೆಸಿಲ್ಲ!"

"ನಾಳೆ ನಾನೇ ಒರೆಸ್ತೀನಿ. ಮೂರೂ ಮಹಡಿ."

ಸಭೆಯಲ್ಲಿ ತೂಕಡಿಸುತ್ತಿದ್ದವರಿಗೆಲ್ಲ ಒಮ್ಮೆಲೇ ಜೀವ ಬಂತು. ಗ್ರಂಥಾಲಯದವನು ಬೂಟಿನ ಕಪ್ಪು ಪಾಲಿಷ್ ತಂದ. ಮೆಟ್ಟಿಲ ಕಟಕಟೆಯ ತುದಿಯಲ್ಲಿ ಇಪ್ಪತ್ತು ವರ್ಷದಿಂದ ಲಟಪಟ ಅಲುಗುತ್ತಿದ್ದ ಹಿತ್ತಾಳೆಯ ಗುಂಡನ್ನು ಬೌಕೆಯೇ ಯಾವ ಅರ್ಜಿಯೂ ಇಲ್ಲದೆ ತಿರುಚಿ ಕಿತ್ತ. ಗುಂಡು ಬೆಳ್ಳಿಯಾಗಬೇಕಲ್ಲ? ಟ್ರೈಂಟ್ಯೆ ಚಾಕೊಲೇಟಿನ ಪೊಟ್ಟಣ ಒಡೆದಳು. ಎಲ್ಲರೂ ಲಗುಬಗೆಯಿಂದ ಚಾಕೊಲೇಟ್ ತಿಂದು ಬೆಳ್ಳಿಕಾಗದ ದಾನ ಮಾಡಿದರು. ಇಬ್ಬರು ಎರಡೆರಡು ಸಲ ದಾನ ಮಾಡಿದರು. ಕ್ರಿಸ್‌ಮಸ್ ಪೆಟ್ಟಿಗೆಯಿಂದ ಆರು ಗೆಜ್ಜೆ ಬಂದವು, ಗುಂಡನ್ನೂ ಗೆಜ್ಜೆಗಳನ್ನೂ ಕಟ್ಟಲು ಕೇಕಿನ ಡಬ್ಬಿಯಿಂದ ದಾರ. ಎರಡಕ್ಕೆ ಐದು ನಿಮಿಷವಿರುವಾಗ ಕೋಲು ಸಿದ್ಧವಾಯಿತು. ದೂರದಿಂದ ನೋಡಿದರೆ ಭೇಷಾಗಿತ್ತು. ಹತ್ತಿರ ಹೋದರೆ ನೆಲ ಒರೆಸುವ ಸಾಬೂನು ಘಮ್ಮೆನ್ನುತ್ತಿತ್ತು.

ನಿಲುವಂಗಿ ತೊಟ್ಟು ಕಾರಿಡಾರಿಗೆ ಬಂದರೆ, ಎದುರಿಗೆ ಡೌವೆ ಹೆಟ್ಟೆಮಾ!

ಹಿಂದಿನ ದಂಡಧಾರಿ, ಎಪ್ಪತ್ತೆರಡು ವರ್ಷದ ಮುದುಕ. ನಿವೃತ್ತನಾಗಿ ಎರಡು ವರ್ಷವಾದರೂ ಒಂದು ಸಮರ್ಥನೆಯನ್ನೂ ತಪ್ಪಿಸಿದವನಲ್ಲ. ಮುಂದಿನ ಬೆಂಚಿನಲ್ಲಿ ಜೇಬುಗಡಿಯಾರ ಹಿಡಿದು ಕೂತು, ಯೆಲ್ಮರ್ ಎರಡು ಸೆಕೆಂಡು ತಡವಾದರೂ ಗಂಟಲು ಕೆರೆಯುತ್ತಿದ್ದ. ಆಮೇಲೆ ಯಾವಾಗಲೂ ಒಂದೇ ಮಾತು: "ನಲವತ್ತಮೂರು ವರ್ಷ ಆ ಕೋಲನ್ನ ಮಗು ಥರ ನೋಡ್ಕೊಂಡೆ, ಹುಡುಗಾ. ನಿಮ್ಮ ಕಾಲದವರಿಗೆ ಅದೆಲ್ಲ ತಿಳಿಯಲ್ಲ."

ಇವತ್ತು ಮುದುಕ ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದ. ಯೆಲ್ಮರ್ ಅದನ್ನು ಬೆನ್ನ ಹಿಂದೆ ಸರಿಸಿದ. ಆದರೆ ಆಳೆತ್ತರದ ಕೋಲು ಬೆನ್ನ ಹಿಂದೆ ಎಷ್ಟು ಅಡಗೀತು? ತಲೆಯ ಮೇಲೆ ಬೆಳ್ಳಿಕಾಗದ ಇಣುಕಿತು.

"ಗೆಜ್ಜೆ ಕಟ್ಟಿರೋದು ದಾರದಲ್ಲೋ, ತಂತೀಲೋ?" ಎಂದು ಕೇಳಿದ ಮುದುಕ.

"ದ... ದಾರದಲ್ಲಿ, ಹೆಟ್ಟೆಮಾ ಸಾಹೇಬ್ರೇ."

"ಹೂಂ" ಎಂದು ಮುದುಕ ಒಳಗೆ ಹೋಗಿಬಿಟ್ಟ.

ಇದೆಂಥ ಪ್ರಶ್ನೆ ಎಂದು ಯೋಚಿಸಲು ಯೆಲ್ಮರನಿಗೆ ಪುರುಸೊತ್ತಿರಲಿಲ್ಲ. ಎರಡು ಹೊಡೆಯಿತು. ಕೋಲನ್ನು ಕಾರಿಡಾರಿನ ಮೂಲೆಗೆ ಒರಗಿಸಿ, ಪ್ರೊಫೆಸರರನ್ನು ಸಾಲಾಗಿ ಒಳಗೆ ಬಿಟ್ಟು, ಸಭಾಂಗಣದ ಬಾಗಿಲು ಮುಚ್ಚಿ, ಕಾರಿಡಾರಿನ ಬಾಗಿಲಿಗೂ ಒಳಗಿನಿಂದ ಅಗಳಿ ಹಾಕಿದ. ಇನ್ನು ನಲವತ್ತೈದು ನಿಮಿಷ ಯಾವ ಬಾಗಿಲೂ ಯಾರಿಗೂ ತೆರೆಯುವಂತಿಲ್ಲ.

ಒಳಗೆ ಕೆಸರಿನ ಬಸವನಹುಳುಗಳ ಬಗ್ಗೆ ಆರು ವರ್ಷ ಸಂಶೋಧನೆ ಮಾಡಿದ್ದ ಹುಡುಗಿಯೊಬ್ಬಳು ತಾನೇ ಬಸವನಹುಳುವಾಗಿ ಚಿಪ್ಪು ಹುಡುಕುತ್ತಿದ್ದಳು. ಪ್ರೊಫೆಸರ್ ಟೆರ್ವೀಲ್ ಎಂಬವರು ಒಂದು ಪ್ರಶ್ನೆ ಶುರುಮಾಡಿ ಹನ್ನೊಂದು ನಿಮಿಷವಾಗಿತ್ತು. ಪ್ರಶ್ನಾರ್ಥಕ ಚಿಹ್ನೆ ಇನ್ನೂ ದೂರದ ಊರಿನಲ್ಲಿತ್ತು. ಸರಿಯಾಗಿ ಎರಡೂ ಮುಕ್ಕಾಲಿಗೆ ಯೆಲ್ಮರ್ ಬಾಗಿಲು ತಳ್ಳಿದ. ನಡುದಾರಿಯಲ್ಲಿ ನಡೆದು ಬಂದು, ಎದೆ ತುಂಬ ಉಸಿರೆಳೆದು, ಕೋಲನ್ನೆತ್ತಿ ಕುಟ್ಟಿದ.

ಢಣ್!

"ಹೋರಾ—"

ದಾರ ಹರಿಯಿತು. ಗುಂಡು ಟಣ್ಣನೆ ಹಾರಿ ನೆಲಕ್ಕೆ ಬಿದ್ದು, ಬೆಳ್ಳಿಕಾಗದ ಬಿಚ್ಚಿಕೊಳ್ಳುತ್ತ ವಿಶ್ವವಿದ್ಯಾಲಯದ ಮುಖ್ಯಸ್ಥೆಯಾದ ರೆಕ್ಟರರ ಕಾಲಿನತ್ತ ಉರುಳಿತು. ಆರು ಗೆಜ್ಜೆಗಳು ಆರು ದಿಕ್ಕಿಗೆ ಚೆಲ್ಲಿದವು. ಒಂದು ಪ್ರೊಫೆಸರ್ ಟೆರ್ವೀಲರ ನೀರಿನ ಲೋಟಕ್ಕೆ ಬಿದ್ದು, ತಳ ಸೇರುವ ಮುನ್ನ ಒಮ್ಮೆ ಮಧುರವಾಗಿ ಗಿಲ್ಲೆಂದಿತು.

"—ಎಸ್ಟ್" ಎಂದ ಯೆಲ್ಮರ್, ಬೆಕ್ಕಿನ ಮರಿಯ ದನಿಯಲ್ಲಿ.

ಯೆಲ್ಮರನ ಮೂಗಿಗೆ ಹೊಗೆ ಹಾಕಿದ ಹಾವುಮೀನಿನ ವಾಸನೆ ಅಡರಿತು.

ಆಲ್ಡರ್ಸುಮ್‌ನಲ್ಲಿ ಪ್ರೊಫೆಸರೊಬ್ಬರು ತಮ್ಮ ವಿಷಯವೇ ತಮಗೆ ಗೊತ್ತಿಲ್ಲವೆಂದು ಬೇಕಾದರೆ ಒಪ್ಪಿಕೊಂಡಾರು. ವಿಶ್ವವಿದ್ಯಾಲಯದ ಹಳೇ ಸಂಪ್ರದಾಯವೊಂದು ಗೊತ್ತಿಲ್ಲವೆಂದು ಸತ್ತರೂ ಒಪ್ಪುವವರಲ್ಲ. ರೆಕ್ಟರ್ ಮೇಡಂ ತಮ್ಮ ಕಾಲಬಳಿ ನಿಂತ ಗುಂಡನ್ನು ನೋಡಿದರು. ಪಕ್ಕದವರನ್ನು ನೋಡಿದರು. ಪಕ್ಕದವರು ಎಲ್ಲ ಬಲ್ಲವರಂತೆ ತಲೆದೂಗಿದರು. ಮೇಡಂ ಮೆಲ್ಲನೆ ಎದ್ದು, ಟೊಪ್ಪಿ ತೆಗೆದು, ಗುಂಡಿಗೆ ತಲೆಬಾಗಿದರು. ಎಂಟೂ ಪ್ರೊಫೆಸರರು ಎದ್ದು ತಲೆಬಾಗಿದರು. ಟೆರ್ವೀಲರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ, ಗೆಜ್ಜೆ ತುಟಿಗೆ ತಾಗದಂತೆ ನೀರನ್ನು ಭಕ್ತಿಯಿಂದ ಕುಡಿದರು. ಬಸವನಹುಳುವಿನ ಹುಡುಗಿ ಈ ಪದ್ಧತಿಯನ್ನು ತನಗೆ ಹೇಳಿಕೊಡುವುದು ಮರೆತಿದ್ದಾರೆಂದು ಬಗೆದು, ಓಡಿ ಬಂದು ಗುಂಡನ್ನೆತ್ತಿ ಮೇಡಂ ಅವರ ಕೈಗಿಟ್ಟಳು. ಚಪ್ಪಾಳೆಯಿಂದ ಸಭಾಂಗಣ ಗುಡುಗಿತು.

ಹೊರಗೆ ಬಂದ ಮೇಲೆ ರೆಕ್ಟರ್ ಮೇಡಂ ಅವನ ಕೈ ಹಿಡಿದು ಕುಲುಕಿದರು. "ಚೆನ್ನಾಗಿತ್ತು ಯೆಲ್ಮರ್! ಗುಂಡು ಉರುಳಿಸೋದನ್ನ ನಾನು ವಿದ್ಯಾರ್ಥಿಯಾಗಿದ್ದಾಗ ನೋಡಿದ್ದು. ಇನ್ಮೇಲೆ ಪ್ರತಿ ಸಲವೂ ಇರಲಿ. ನಿಮ್ಮ ಖಾಯಂ ಪತ್ರ ನನ್ನ ಮೇಜಿನ ಮೇಲಿದೆ. ಹೆಟ್ಟೆಮಾ ಅವರು ಸಹಿ ಹಾಕಿದ ತಕ್ಷಣ ನಾನೂ ಹಾಕ್ತೀನಿ."

ಯೆಲ್ಮರನ ಕಾಲು ನೆಲದ ಮೇಲಿರಲಿಲ್ಲ. ತೇಲುತ್ತಲೇ ಕೋಣೆಗೆ ಬಂದ. ಅಲ್ಲಿ ಡೌವೆ ಹೆಟ್ಟೆಮಾ ಅವನ ಕುರ್ಚಿಯಲ್ಲೇ ಕೂತಿದ್ದ. ಎದುರಿಗೆ ಹಳೇ ಮರಗಳ ವಯಸ್ಸು ಕಂಡುಹಿಡಿಯುವ ಪ್ರಯೋಗಾಲಯದ ಫೆನ್ನಾ. ಅವಳ ಕೈಯಲ್ಲಿ ಕೋಲು!

"ಸಾರಿ ಯೆಲ್ಮರ್" ಎಂದಳು ಫೆನ್ನಾ. "ಎರಡಕ್ಕೆ ತಂದುಕೊಡ್ತೀನಿ ಅಂದಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಎರಡು ಅಂದ್ರೆ ಎರಡೂಕಾಲು ತಾನೇ, ಅಷ್ಟರಲ್ಲಿ ನೀನು ಬಾಗಿಲು ಹಾಕಿಬಿಟ್ಟಿದ್ದೆ."

"ಯಾರಿಗೆ ಅಂದಿದ್ದೆ? ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಎಲ್ಲರಿಗೂ ಹೇಳಿದೀವಲ್ಲ!" ಫೆನ್ನಾ ಬಗ್ಗಿ ಬೀರುವಿನ ಕಾಲಿನಡಿಯಿಂದ ವಾರಪತ್ರಿಕೆ ಎಳೆದಳು. ಬೀರು ಒಂದು ಕಡೆಗೆ ವಾಲಿತು. "ನೋಡು, ಮೊದಲ ಪುಟ. 'ದಂಡಧಾರಿಯ ಕೋಲಿಗೆ ನಿಜವಾಗಿ ಎಷ್ಟು ವರ್ಷ? ಪರೀಕ್ಷೆಗೆ ಒಯ್ದು, ಸಮರ್ಥನೆಯ ದಿನ ಎರಡಕ್ಕೆ ಮರಳಿಸುತ್ತೇವೆ. ಆಕ್ಷೇಪವಿದ್ದವರು ತಿಳಿಸಿ.' ಯಾರೂ ತಿಳಿಸಲಿಲ್ಲ."

"ಅದನ್ನ ಯಾರು ಓದ್ತಾರೆ!"

"ನಾನು ಓದ್ತೀನಿ" ಎಂದ ಮುದುಕ. ಅವನ ದನಿ ಯಾಕೋ ಸಣ್ಣದಾಗಿತ್ತು. "ಗುರುವಾರದಿಂದ ನಿದ್ದೆಯಿಲ್ಲ."

ಫೆನ್ನಾ ಕೋಲಿನ ಗುಂಡನ್ನು ತಿರುಚಿ ತೆಗೆದಳು. "ಬೆಳ್ಳಿ ಅಲ್ಲ, ತವರ. ಕಪ್ಪು ಬಣ್ಣ ಕೆರೆದರೆ ಕೆಳಗೆ ಕಾರ್ಖಾನೆಯ ಮುದ್ರೆ: 'ನೆಲ ಒರೆಸುವ ಕೋಲು, ನಾಲ್ಕನೇ ನಂಬರು.' ಗುಂಡಿನೊಳಗೆ ಈ ಚೀಟಿ."

ಯೆಲ್ಮರ್ ಓದಿದ. *ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಸೈಕಲ್ ಮೇಲೆ ಸೇತುವೆ ದಾಟುವಾಗ ನಿಜವಾದ ಕೋಲು ಕಾಲುವೆಗೆ ಬಿತ್ತು. ಇದನ್ನು ನಾನೇ ಕಟ್ಟಿದೆ. ದೇವರು ಕ್ಷಮಿಸಲಿ. ಡೌವೆ ಹೆಟ್ಟೆಮಾ.* ಕೆಳಗೆ ತಾರೀಕು. ನಲವತ್ತೈದು ವರ್ಷ ಹಿಂದಿನದು.

"ಇದೆಲ್ಲ ಬರೋ ಗುರುವಾರದ ಪತ್ರಿಕೆಗೆ ಆಗಲೇ ಕೊಟ್ಟಾಯ್ತು" ಎಂದು ಫೆನ್ನಾ ಕೋಲನ್ನು ಗೋಡೆಗೊರಗಿಸಿ ಹೊರಟುಹೋದಳು.

ಇಬ್ಬರೇ ಉಳಿದರು. ಯೆಲ್ಮರನ ಮುಖದಲ್ಲಿ ಮೆಲ್ಲನೆ ನಗೆ ಅರಳಿತು. ಎರಡು ವರ್ಷದಲ್ಲಿ ಮೊದಲ ಸಲ ಅವನು ಮುದುಕನ ಪಕ್ಕದಲ್ಲೇ, ಮೇಜಿನ ಅಂಚಿನ ಮೇಲೆ ಕೂತ.

"ಹೆಟ್ಟೆಮಾ ಸಾಹೇಬ್ರೇ, ಈಗ ನಾವಿಬ್ರೂ ಒಂದೇ ದೋಣೀಲಿದೀವಿ. ನೀವು ಕಳೆದ್ರಿ, ನಾನು ಕಳೆದೆ. ನೀವು ಒರೆಸೋ ಕೋಲು ಹಿಡಿದ್ರಿ, ನಾನೂ ಹಿಡಿದೆ. ನನ್ನ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಪತ್ರಕ್ಕೆ ಒಂದು ಸಹಿ ಹಾಕಿಬಿಡಿ."

ಮುದುಕ ಎದ್ದ. ತನ್ನ ಕೋಲನ್ನು ಕೈಗೆತ್ತಿಕೊಂಡು, ಗುಂಡು ತಿರುಚಿ ಕೂರಿಸಿ, ನೆಲಕ್ಕೊಮ್ಮೆ ಕುಟ್ಟಿದ. ಕಿಟಕಿಯ ಗಾಜು ನಡುಗಿತು. ಆರೂ ಗೆಜ್ಜೆ ಒಟ್ಟಿಗೆ ಘಲ್ಲೆಂದವು, ಒಂದೂ ಕಳಚಲಿಲ್ಲ.

"ಕೇಳಿಸ್ತಾ? ನಲವತ್ತೈದು ವರ್ಷ. ತಂತೀಲಿ ಕಟ್ಟಿದ್ದು. ನಿಂದು ಒಂದೇ ಏಟಿಗೆ ಸಭೆ ತುಂಬ ಚೆಲ್ಲಿತು" ಎಂದ ಡೌವೆ ಹೆಟ್ಟೆಮಾ. "ದಾರದಲ್ಲಿ ಗೆಜ್ಜೆ ಕಟ್ಟೋನಿಗೆ ನಾನು ಸಹಿ ಹಾಕಲ್ಲ."