ಹನ್ನೆರಡಕ್ಕೆ ಸರಿದ ನೂನ್

ಹರಕೆ ಹೊತ್ತವಳು ಕೌಸಲ್ಯಾಬಾಯಿ, ಹೊಟ್ಟೆ ಕಟ್ಟಿಕೊಂಡವನು ಅವಳ ಗಂಡ ಮಚ್ಛೇಂದ್ರ. ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಭಾಲ್ಕಿಯ ಕಚೇರಿಗೆ ಧಾರವಾಡದ ಕಡೆಯ ಹೊಸ ಸಾಹೇಬರು ಬಂದಿದ್ದರು. ಅವರಿಗೆ ಇಂಗ್ಲಿಷ್ ಬೇಕು. ಗುಮಾಸ್ತ ಮಚ್ಛೇಂದ್ರ ಕಲಿತದ್ದು ಹಳೆಯ ಸರ್ಕಾರದ ಉರ್ದು. ನೌಕರಿ ಕಾಯಂ ಆಗುವ ತನಕ ಪ್ರತಿ ಸೋಮವಾರ ದೀಪ ಹಚ್ಚುವವರೆಗೂ ಗಂಡ ಉಪವಾಸ ಇರುತ್ತಾನೆಂದು ಅವಳು ದೇವರಿಗೆ ಮಾತು ಕೊಟ್ಟುಬಿಟ್ಟಳು. ಪಾಪ, ಅವನನ್ನು ಯಾರೂ ಕೇಳಲಿಲ್ಲ.

ಕಾವಲಿಗೆ ಅವಳು ನೇಮಿಸಿದ್ದು ಪಕ್ಕದ ಮನೆಯ ಚಾಂದ ಪಾಶಾನನ್ನು. ಅವನೂ ಅದೇ ಕಚೇರಿಯ ಗುಮಾಸ್ತ. ಒಂದು ಸೋಮವಾರ ಹನ್ನೆರಡು ಹೊಡೆದದ್ದೇ ತಡ, ಅವನು ಬುತ್ತಿ ಬಿಚ್ಚಿದ. ಬದನೆ ಎಣಗಾಯಿಯ ವಾಸನೆಗೆ ಮಚ್ಛೇಂದ್ರನ ಹೊಟ್ಟೆ ಎಣ್ಣೆ ಕಾಣದ ಬಂಡಿಯ ಹಾಗೆ ಕಿರುಗುಟ್ಟಿತು.

"ಪಾಶಾಭಾಯಿ, ಒಂದು ರೊಟ್ಟಿ ಕೊಡ್ರಿ."

"ಭಾಬಿ ನನ್ನ ಮ್ಯಾಲ ಭರೋಸಾ ಇಟ್ಟಾರ. ಕೊಡಂಗಿಲ್ಲ."

ಮಚ್ಛೇಂದ್ರ ರವಿವಾರ ಬೀದರಿಗೆ ಹೋಗಿ ಪಾದ್ರಿಯೊಬ್ಬರ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದ. ಹಸಿವಿಗೆ ಆ ಪಾಠ ನೆನಪಾಯಿತು.

"ಇಂಗ್ಲಿಷಿನಾಗ ಮಧ್ಯಾಹ್ನಕ್ಕ ನೂನ್ ಅಂತಾರಲ್ರಿ, ಆ ಮಾತು ಹುಟ್ಟಿದ್ದು ಒಂಬತ್ತು ಅನ್ನೋ ಅವರ ಹಳೇ ಮಾತಿನಿಂದ. ಹೊತ್ತು ಮೂಡಿ ಒಂಬತ್ತು ತಾಸು, ಅಂದ್ರ ನಮ್ಮ ಮೂರು ಗಂಟೆ. ಅವರ ಮಠದ ಸಾಧುಗೊಳು ಉಪಾಸ ಇದ್ದು, ಆ ಹೊತ್ತಿನ ಪ್ರಾರ್ಥನಾ ಮುಗಿಸೇ ಉಣ್ತಿದ್ರು. ಹಸಿವು ತಾಳಲಾರದೇ ಆ ಪ್ರಾರ್ಥನಾನೇ ಹನ್ನೆರಡಕ್ಕ ಎಳಕೊಂಡ್ರು. ಹೆಸರೂ ಅದರ ಜೋಡಿ ಬಂತು. ಸಾಧುಗೊಳಿಗಿ ನಡೀತದ, ನನಗ್ಯಾಕ ನಡಿಯಂಗಿಲ್ಲ?"

"ಸಾಹೇಬರು ಖರೇ ಅಂದ್ರ ಅರ್ಧಾ ಬುತ್ತಿ ನಿನಗ," ಎಂದು ಚಾಂದ ಪಾಶಾ ಅವನ ಕೈ ಹಿಡಿದು ಒಳಕೋಣೆಗೆ ಎಳೆದೊಯ್ದ.

ಸಾಹೇಬರಿಗೆ ಊಟಕ್ಕಿಂತ ಫೈಲೇ ರುಚಿ. ಕತೆಯನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಖರೇ ಅದ. ಇಷ್ಟು ಇಂಗ್ಲಿಷ್ ಬಲ್ಲವನ್ನ ನಾ ಬಿಡಂಗಿಲ್ಲ. ನಿನ್ನ ನೌಕರಿ ಕಾಯಂ, ಮಚ್ಛೇಂದ್ರ."

ಮಚ್ಛೇಂದ್ರನ ಕಣ್ಣು ತುಂಬಿ ಬಂತು. ನೌಕರಿ ಉಳಿಯಿತು, ಹರಕೆ ತೀರಿತು, ಅರ್ಧ ಬುತ್ತಿಯೂ ಗೆದ್ದಂತಾಯಿತು. ಕೈ ತೊಳೆಯಲು ಹೊರಟ.

"ನಿಲ್ಲು," ಎಂದರು ಸಾಹೇಬರು. "ಹೊಟ್ಟಿಬಾಕರು ಮಾಡಿದ ತಪ್ಪು ನಾವ್ಯಾಕ ನಡಸಬೇಕು? ಇವತ್ತಿನಿಂದ ಕಚೇರಿಯ ಊಟ ಮೂರು ಗಂಟೆಗೆ. ದಿನಾಲು."

ಹೊರಗೆ ಬಂದ ಚಾಂದ ಪಾಶಾ ಬಿಚ್ಚಿದ ಬುತ್ತಿಯನ್ನು ಮತ್ತೆ ಕಟ್ಟಿದ. ಗಂಟು ಬಿಗಿದ ಮೇಲೆ ಮಚ್ಛೇಂದ್ರನ ಮುಖ ನೋಡಿದ.

"ಆ ಸಾಧುಗೊಳು ನಸೀಬವಂತರಪ್ಪಾ. ಅವರ ಮಠದಾಗ ನೀ ಇರ್ಲಿಲ್ಲ."